ಗಾಡಿ ಓಡಿಸುವಾಗ ಮೊಬೈಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕ್, ಕಾರು, ಆಟೊ, ಲಾರಿ, ಯಾವುದನ್ನೇ ಓಡಿಸಿದರೂ ಮೊಬೈಲ್ ಬಗ್ಗೆ ಇರುವ ಕಾನೂನು ಒಂದೇ. ಆದರೆ ಅದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಬ್ಲೂಟೂತ್ ಇದ್ದರೆ ಏನೂ ಆಗಲ್ಲ" ಅಂತ ಒಬ್ಬರು, "ಸಿಗ್ನಲ್‌ನಲ್ಲಿ ನೋಡಬಹುದು" ಅಂತ ಇನ್ನೊಬ್ಬರು, "ಮ್ಯಾಪ್ ಹಾಕಿದರೂ ಫೈನ್" ಅಂತ ಮತ್ತೊಬ್ಬರು. ಕಾನೂನಿನಲ್ಲಿ ಏನಿದೆ, ರಸ್ತೆಯಲ್ಲಿ ನಿಜವಾಗಿ ಏನಾಗುತ್ತದೆ, ಎರಡನ್ನೂ ಇಲ್ಲಿ ಬರೆದಿದ್ದೇನೆ. ಕಾನೂನು ಕೈಯನ್ನು ನೋಡುತ್ತದೆ. ಅಪಾಯ ಇರುವುದು ತಲೆಯಲ್ಲಿ. ಈ ಅಂತರ ಕೆಳಗಿನ ಹಲವು ಉತ್ತರಗಳಲ್ಲಿ ಕಾಣುತ್ತದೆ.

ಫೋನ್ ಹಿಡಿದು ಗಾಡಿ ಓಡಿಸುವುದು ಯಾವ ಕಾನೂನಿನಲ್ಲಿ ತಪ್ಪು?

1988ರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ನಲ್ಲಿ. ಇದು ಅಪಾಯಕಾರಿ ಚಾಲನೆಗೆ ಸಂಬಂಧಿಸಿದ ಸೆಕ್ಷನ್. 2019ರ ತಿದ್ದುಪಡಿ ಆ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನ ಅನ್ನುವುದು ಈ ಸೆಕ್ಷನ್‌ಗೆ ಸೇರಿದ್ದು ಆಗಲೇ. ಅದೇ ಪಟ್ಟಿಯಲ್ಲಿ ಕೆಂಪು ದೀಪ ದಾಟುವುದು, ಒನ್‌ವೇಯಲ್ಲಿ ಎದುರಿನಿಂದ ಬರುವುದು ಕೂಡ ಇವೆ. ಫೋನ್ ಹಿಡಿದು ಓಡಿಸುವುದನ್ನು ಕಾನೂನು ಅವುಗಳ ಸಾಲಿನಲ್ಲೇ ಇಟ್ಟಿದೆ.

ಕೆಲವರು ಈಗಲೂ ಕೇರಳ ಹೈಕೋರ್ಟಿನ 2018ರ ತೀರ್ಪನ್ನು ತೋರಿಸಿ, ಫೋನಿನಲ್ಲಿ ಮಾತಾಡಿದ ಮಾತ್ರಕ್ಕೆ ಕೇಸ್ ಹಾಕುವಂತಿಲ್ಲ ಅಂತ ವಾದಿಸುತ್ತಾರೆ. ಆ ತೀರ್ಪು ಕೇರಳದ ಪೊಲೀಸ್ ಕಾಯ್ದೆಯ ಒಂದು ಸೆಕ್ಷನ್ ಬಗ್ಗೆ. ಬಂದದ್ದು ಕೂಡ ಈ ತಿದ್ದುಪಡಿಗೆ ಮೊದಲು. ಈಗ ಅದನ್ನು ಹಿಡಿದು ವಾದಿಸಿ ಪ್ರಯೋಜನ ಇಲ್ಲ.

ದಂಡ ಎಷ್ಟು? ಜೈಲೂ ಇದೆಯಾ?

ಮೊದಲ ಸಲ ಸಿಕ್ಕಿಬಿದ್ದರೆ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಅಥವಾ ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ.

ಸಾಮಾನ್ಯವಾಗಿ ನಡೆಯುವುದು ಸ್ಪಾಟ್ ಫೈನ್. ಅದರ ಮೊತ್ತವನ್ನು ರಾಜ್ಯ ಸರ್ಕಾರ ಗೊತ್ತು ಮಾಡುತ್ತದೆ. ನೀವು ಕಟ್ಟಬೇಕಾದ ಮೊತ್ತ ಚಲನ್‌ನಲ್ಲೇ ಇರುತ್ತದೆ. ರಸೀದಿ ಇಲ್ಲದೆ ದುಡ್ಡು ಕೊಡಬೇಡಿ.

ಲೈಸೆನ್ಸ್ ಹೋಗುತ್ತದಾ?

ಹೋಗಬಹುದು. ದಂಡಕ್ಕಿಂತ ಹೆದರಬೇಕಾದದ್ದು ಇದಕ್ಕೇ. 184ನೇ ಸೆಕ್ಷನ್ ತಪ್ಪಿಗೆ ಪೊಲೀಸ್ ಅಧಿಕಾರಿ ಡಿಎಲ್ ವಶಕ್ಕೆ ತೆಗೆದುಕೊಂಡು ಆರ್‌ಟಿಒಗೆ ಕಳಿಸಬಹುದು. ಆಗ ನಿಮಗೆ ರಸೀದಿ ಕೊಡಬೇಕು. ಆರ್‌ಟಿಒ ಕೂಡ ನಿಮ್ಮ ಮಾತು ಕೇಳದೆ ತೀರ್ಮಾನ ಮಾಡುವಂತಿಲ್ಲ. ಕೇಳಿದ ಮೇಲೆ ಮೊದಲ ತಪ್ಪಿಗೆ ಮೂರು ತಿಂಗಳು ಅಮಾನತು ಮಾಡಬಹುದು. ಎರಡನೇ ಸಲಕ್ಕೆ ಲೈಸೆನ್ಸನ್ನೇ ರದ್ದು ಮಾಡಬಹುದು. ರಸ್ತೆ ಸುರಕ್ಷತೆಗಾಗಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 2015ರಲ್ಲೇ ರಾಜ್ಯಗಳಿಗೆ ಇದನ್ನು ಹೇಳಿತ್ತು. ಗಾಡಿ ಓಡಿಸುತ್ತಾ ಫೋನ್ ಬಳಸಿದರೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಅಂತ.

ಕಾರಿನಲ್ಲಿ ಆಫೀಸಿಗೆ ಹೋಗುವವರಿಗೆ ಮೂರು ತಿಂಗಳು ಅಂದರೆ ತೊಂದರೆ. ಕ್ಯಾಬ್ ಅಥವಾ ಲಾರಿ ಓಡಿಸಿ ಮನೆ ನಡೆಸುವವರಿಗೆ ಮೂರು ತಿಂಗಳ ಊಟ.

ಬ್ಲೂಟೂತ್, ಹ್ಯಾಂಡ್ಸ್‌ಫ್ರೀ ಬಳಸಿ ಮಾತಾಡಬಹುದಾ?

ಕಾಯ್ದೆಯ ಮಾತಿನಲ್ಲಿ ಹೇಳುವುದಾದರೆ, ಅದು ಹೆಸರು ಹಿಡಿದು ಬೇಡ ಅಂದಿರುವುದು ಕೈಯಲ್ಲಿ ಹಿಡಿದು ಬಳಸುವುದನ್ನು. ಕಾರಿನ ಸ್ಪೀಕರ್‌ನಲ್ಲಿ ಮಾತಾಡಿದರೆ ಅದೇ ತಪ್ಪು ಅಂತ ಅಲ್ಲಿ ಬರೆದಿಲ್ಲ. ಆದರೆ ಅದೇ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಅಂಶ ಇದೆ. ಒಬ್ಬ ಎಚ್ಚರದ ಚಾಲಕ ಓಡಿಸಬೇಕಾದ ರೀತಿಗಿಂತ ತೀರಾ ಕೆಳಮಟ್ಟದಲ್ಲಿ ಓಡಿಸಿ, ಅದು ಅಪಾಯ ಅಂತ ಅಂಥ ಚಾಲಕನಿಗೆ ಸ್ಪಷ್ಟವಾಗಿ ಕಾಣುವಂತಿದ್ದರೆ ಅದೂ ಅಪಾಯಕಾರಿ ಚಾಲನೆಯೇ. ಬ್ಲೂಟೂತ್‌ನಲ್ಲಿ ಜಗಳ ಆಡುತ್ತಾ ಲೇನ್ ಬಿಟ್ಟು ಲೇನಿಗೆ ನುಗ್ಗಿದರೆ, "ಕೈಯಲ್ಲಿ ಫೋನ್ ಇರಲಿಲ್ಲ" ಅನ್ನುವುದು ಉಳಿಸುವುದಿಲ್ಲ.

ಇಷ್ಟಕ್ಕೆ ಉತ್ತರ ಮುಗಿಸಬಾರದು. ಹ್ಯಾಂಡ್ಸ್‌ಫ್ರೀ ಹಾಕಿಕೊಂಡರೆ ಸುರಕ್ಷಿತ ಅನ್ನುವ ನಂಬಿಕೆಯೇ ನನಗೆ ಹೆಚ್ಚು ಕಳವಳ ತರುವುದು. ಗಾಡಿ ಓಡಿಸುತ್ತಾ ಫೋನ್ ಬಳಸುವವರಿಗೆ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹ್ಯಾಂಡ್ಸ್‌ಫ್ರೀ ಇದ್ದ ಮಾತ್ರಕ್ಕೆ ಅದು ಹೇಳಿಕೊಳ್ಳುವಷ್ಟು ಕಡಿಮೆ ಆಗುವುದಿಲ್ಲ ಅಂತಲೂ ಹೇಳುತ್ತದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ಅವರ ತಂಡ ವರ್ಷಗಟ್ಟಲೆ ಇದನ್ನೇ ಪರೀಕ್ಷಿಸಿದ್ದಾರೆ. ಹ್ಯಾಂಡ್ಸ್‌ಫ್ರೀನಲ್ಲಿ ಮಾತಾಡುತ್ತಿದ್ದವರ ಕಣ್ಣು ರಸ್ತೆ ಬದಿಯ ಬೋರ್ಡಿನ ಮೇಲೇ ಇತ್ತು. ಆಮೇಲೆ ಕೇಳಿದರೆ ಆ ಬೋರ್ಡ್ ಅವರಿಗೆ ನೆನಪಿಲ್ಲ. ಕಣ್ಣು ನೋಡಿತ್ತು, ಮನಸ್ಸು ನೋಡಿರಲಿಲ್ಲ.

ಆ ಬೋರ್ಡಿನ ಜಾಗದಲ್ಲಿ ಬಣ್ಣ ಹೋದ ಹಂಪ್ ಇದ್ದರೆ? ಡಿವೈಡರ್ ಸಂದಿಯಿಂದ ರಸ್ತೆಗೆ ಇಳಿದ ಮಗು ಇದ್ದರೆ?

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದೂ ಹಾಗೇ ಅಲ್ವಾ?

ಒಳ್ಳೆಯ ಪ್ರಶ್ನೆ, ತುಂಬಾ ಜನ ಕೇಳುತ್ತಾರೆ. ಹಾಗಲ್ಲ. ಪಕ್ಕದಲ್ಲಿ ಕೂತವರಿಗೂ ರಸ್ತೆ ಕಾಣುತ್ತದೆ. ಎದುರಿಗೆ ಲಾರಿ ಬಂದರೆ ಅವರೇ ಮಾತು ನಿಲ್ಲಿಸುತ್ತಾರೆ, "ನೋಡ್ಕೊಂಡು" ಅನ್ನುತ್ತಾರೆ. ಫೋನಿನ ಆ ಕಡೆ ಇರುವವರಿಗೆ ನೀವು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿದ್ದೀರೋ ಶಿರಾಡಿ ಘಾಟಿಯ ತಿರುವಿನಲ್ಲಿದ್ದೀರೋ ಗೊತ್ತಾಗುವುದಿಲ್ಲ. ಅವರು ಮಾತಾಡುತ್ತಲೇ ಇರುತ್ತಾರೆ, ನೀವು ಉತ್ತರ ಹುಡುಕುತ್ತಲೇ ಇರುತ್ತೀರಿ.

ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡರೆ ಕೈ ಖಾಲಿ ಇರುತ್ತದಲ್ಲ?

ಬೆಂಗಳೂರಿನಲ್ಲಿ ಪ್ರತಿ ಸಿಗ್ನಲ್‌ನಲ್ಲೂ ಕಾಣುವ ದೃಶ್ಯ ಇದು. ದಯವಿಟ್ಟು ಮಾಡಬೇಡಿ. ಹೆಲ್ಮೆಟ್ ತಲೆಗೆ ಬಿಗಿಯಾಗಿ ಕೂತರೆ ಮಾತ್ರ ಕಾಪಾಡುತ್ತದೆ. ಫೋನ್ ತುರುಕಿದರೆ ಅದು ಸಡಿಲ ಆಗುತ್ತದೆ. ಬಿದ್ದಾಗ ಕೆನ್ನೆಗೂ ಕಿವಿಗೂ ಒತ್ತಿಕೊಂಡು ಗಾಜಿನ ಗಟ್ಟಿ ವಸ್ತು ಇರುತ್ತದೆ. ಫೋನ್ ಜಾರಿದರಂತೂ ಕೈ ತಾನಾಗಿ ಹ್ಯಾಂಡಲ್ ಬಿಟ್ಟು ಅದನ್ನು ಹಿಡಿಯಲು ಹೋಗುತ್ತದೆ. ಪೊಲೀಸರೂ ಇದನ್ನು ಫೋನ್ ಬಳಕೆ ಅಂತಲೇ ನೋಡಿ ನಿಲ್ಲಿಸಬಹುದು.

ಫೋನನ್ನು ಕೈಯಲ್ಲಿ ಹಿಡಿದು ಸ್ಕೂಟರ್ ಓಡಿಸುವವರು ಇನ್ನೊಂದು ವಿಷಯ ತಿಳಿದುಕೊಳ್ಳಬೇಕು. ಈಗ ಬರುವ 125 ಸಿಸಿವರೆಗಿನ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾಂಬಿ ಬ್ರೇಕ್ ಇದೆ. ಸ್ಕೂಟರ್‌ನಲ್ಲಿ ಎಡಗೈಯ ಲಿವರ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಜನ ಫೋನ್ ಹಿಡಿಯುವುದು ಆ ಎಡಗೈಯಲ್ಲೇ. ಉಳಿದ ಬಲಗೈಗೆ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್. ಗಾಬರಿಯಲ್ಲಿ ಮುಂದಿನದನ್ನು ಮಾತ್ರ ಜೋರಾಗಿ ಒತ್ತಿದರೆ, ಅದರಲ್ಲೂ ಮಳೆಯಲ್ಲಿ ಅಥವಾ ಜಲ್ಲಿ ಮೇಲೆ, ಗಾಡಿ ಜಾರುತ್ತದೆ.

ಇಯರ್‌ಫೋನಿನಲ್ಲಿ ಹಾಡು ಕೇಳಬಹುದಾ?

ಕಿವಿ ಮುಚ್ಚಿಕೊಂಡು ರಸ್ತೆಗೆ ಇಳಿಯಬೇಡಿ. ಹಿಂದಿನಿಂದ ಬರುವ ಆಂಬುಲೆನ್ಸ್, ಬಸ್ಸಿನ ಹಾರ್ನ್, ನಿಮ್ಮದೇ ಗಾಡಿಯ ಟೈರಿನ ಸದ್ದು, ಎಲ್ಲ ಕೇಳಬೇಕು. ಇಯರ್‌ಫೋನ್ ಕಂಡರೆ ಪೊಲೀಸರು ತಡೆದು ನಿಲ್ಲಿಸಬಹುದು.

ಸಿಗ್ನಲ್‌ನಲ್ಲಿ ನಿಂತಾಗ ಮೆಸೇಜ್ ನೋಡಿದರೆ ತಪ್ಪೇನು?

ಗಾಡಿ ಸ್ಟಾರ್ಟ್ ಇದೆ, ನೀವು ಟ್ರಾಫಿಕ್ ನಡುವೆ ಇದ್ದೀರಿ, ಫೋನ್ ಕೈಯಲ್ಲಿದೆ. ಇದನ್ನು ನಿಲ್ಲಿಸಿದ ಗಾಡಿ ಅಂತ ಯಾರೂ ಒಪ್ಪುವುದಿಲ್ಲ. ಚಲನ್ ಬರಬಹುದು. ದೊಡ್ಡ ತೊಂದರೆ ಬರುವುದು ಹಸಿರು ಬಿದ್ದ ಮೇಲೆ. ಹಿಂದಿನವರು ಹಾರ್ನ್ ಹೊಡೆದಾಗ ಓದುತ್ತಿದ್ದವರು ತಲೆ ಎತ್ತಿ, ಆಚೀಚೆ ನೋಡದೆ ಹೊರಟುಬಿಡುತ್ತಾರೆ. ಆ ಕ್ಷಣದಲ್ಲೇ ಅಡ್ಡ ರಸ್ತೆಯಿಂದ ಕೊನೆಯ ಬೈಕ್ ನುಗ್ಗುತ್ತಿರುತ್ತದೆ, ಜೀಬ್ರಾ ಕ್ರಾಸಿಂಗ್‌ನಲ್ಲಿ ಯಾರೋ ವಯಸ್ಸಾದವರು ಇನ್ನೂ ದಾಟುತ್ತಿರುತ್ತಾರೆ.

ರಸ್ತೆ ಸುರಕ್ಷತೆಗೆ ಕೆಲಸ ಮಾಡುವ ಅಮೆರಿಕದ ಎಎಎ ಪ್ರತಿಷ್ಠಾನ 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಬಾಯಲ್ಲಿ ಹೇಳಿ ಕೆಲಸ ಮಾಡಿಸುವ ಕಾರಿನ ವಾಯ್ಸ್ ಸಿಸ್ಟಮ್‌ಗಳಲ್ಲಿ ಅತಿ ಕಷ್ಟದವನ್ನು ಬಳಸಿದ ಮೇಲೆ, ಕೆಲಸ ಮುಗಿದರೂ ಚಾಲಕರ ಗಮನ ಪೂರ್ತಿ ರಸ್ತೆಗೆ ಮರಳಲು 27 ಸೆಕೆಂಡ್‌ವರೆಗೆ ಬೇಕಾಯಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ 27 ಸೆಕೆಂಡ್ ಅಂದರೆ 300 ಮೀಟರ್. ಸಿಗ್ನಲ್‌ನಲ್ಲಿ ಓದಿದ ಮೆಸೇಜ್ ಮುಂದಿನ ಸ್ಟಾಪ್‌ವರೆಗೂ ತಲೆಯಲ್ಲಿ ಕೂತಿರುತ್ತದೆ.

ಒಂದೇ ಒಂದು ಕ್ಷಣ ನೋಡಿದರೆ ಏನಾಗುತ್ತದೆ?

ಲೆಕ್ಕ ನೀವೇ ಹಾಕಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಐದು ಸೆಕೆಂಡ್ ಸ್ಕ್ರೀನ್ ನೋಡಿದರೆ 83 ಮೀಟರ್ ಕಣ್ಣು ಮುಚ್ಚಿಕೊಂಡು ಹೋದಂತೆ. 80ರ ವೇಗದಲ್ಲಿ ಅದು 111 ಮೀಟರ್. ಐದು ಸೆಕೆಂಡ್ ಜಾಸ್ತಿ ಅನ್ನಿಸಿದರೆ ಇದನ್ನು ಕೇಳಿ: ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಟ್ರಕ್‌ಗಳಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ, ಮೆಸೇಜ್ ಮಾಡುತ್ತಿದ್ದ ಚಾಲಕರ ಕಣ್ಣು ಆರು ಸೆಕೆಂಡಿನಲ್ಲಿ ಸರಾಸರಿ 4.6 ಸೆಕೆಂಡ್ ರಸ್ತೆಯ ಮೇಲೆ ಇರಲಿಲ್ಲ.

2021ರಲ್ಲಿ ದೇಶದಲ್ಲಿ ಮೊಬೈಲ್ ಬಳಕೆಯಿಂದ ಆದ ಅಪಘಾತ 1,997, ಸತ್ತವರು 1,040 ಜನ ಅಂತ ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ಜಾಸ್ತಿ ಇರಬೇಕು ಅಂತಲೇ ನನ್ನ ಅನಿಸಿಕೆ. ಅಪಘಾತ ಆದ ಮೇಲೆ "ನಾನು ಫೋನ್ ನೋಡುತ್ತಿದ್ದೆ" ಅಂತ ಯಾರು ಬರೆಸುತ್ತಾರೆ? ಎಷ್ಟೋ ಕೇಸುಗಳು ಅತಿ ವೇಗ, ನಿಯಂತ್ರಣ ತಪ್ಪಿದ್ದು ಅನ್ನುವ ಹೆಸರಿನಲ್ಲಿ ಮುಗಿದುಹೋಗುತ್ತವೆ.

ಮ್ಯಾಪ್ ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮ ಇದನ್ನು ಬಿಡಿಸಿ ಹೇಳುತ್ತದೆ. ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಚಾಲಕರ ಗಮನ ಕೆಡದ ಹಾಗೆ. ಅಂದರೆ ಹೊರಡುವ ಮೊದಲೇ ಜಾಗ ಹಾಕಿ, ಫೋನನ್ನು ಹೋಲ್ಡರ್‌ಗೆ ಸಿಕ್ಕಿಸಿ, ಧ್ವನಿ ಜೋರು ಮಾಡಿ ಹೊರಡಿ. ದಾರಿ ತಪ್ಪಿದರೆ ತಪ್ಪಲಿ, ಮ್ಯಾಪ್ ತಾನೇ ಹೊಸ ದಾರಿ ಹುಡುಕುತ್ತದೆ. ಜಾಗ ಬದಲಾಯಿಸಬೇಕಾದರೆ ಸೈಡಿಗೆ ಹಾಕಿ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಮ್ಯಾಪ್ ಹಿಡಿದು ಓಡಿಸುವುದು ಈ ನಿಯಮದ ಉದ್ದೇಶಕ್ಕೆ ವಿರುದ್ಧ.

ಬೈಕ್‌ನಲ್ಲಿ ಹಿಂದೆ ಕೂತವರು ಮ್ಯಾಪ್ ನೋಡಿ ಹೇಳಬಹುದು. ಆದರೆ ಫೋನನ್ನು ಓಡಿಸುವವರ ಮುಖದ ಮುಂದೆ ತಂದು ಹಿಡಿಯಬೇಡಿ.

ನಾನು ಡೆಲಿವರಿ ಕೆಲಸ ಮಾಡುತ್ತೇನೆ. ಫೋನ್ ಮುಟ್ಟದೆ ಕೆಲಸವೇ ನಡೆಯಲ್ಲ. ಏನು ಮಾಡಲಿ?

ನಿಮ್ಮ ಕಷ್ಟ ನಿಜ. ಆರ್ಡರ್ ಬಂದರೆ ಕೆಲವೇ ಸೆಕೆಂಡಿನಲ್ಲಿ ಒಪ್ಪಬೇಕು. ಅಡ್ರೆಸ್ ಸಿಗದೆ ಕಸ್ಟಮರ್ ಫೋನ್ ಮಾಡುತ್ತಾರೆ. ತಡವಾದರೆ ರೇಟಿಂಗ್ ಬೀಳುತ್ತದೆ. ಕ್ಯಾಬ್, ಆಟೊ ಓಡಿಸುವವರಿಗೂ ಇದೇ ಪಾಡು. ಕಾನೂನು ಮಾತ್ರ ಇವರಿಗೆ ಬೇರೆ, ಉಳಿದವರಿಗೆ ಬೇರೆ ಅಂತ ಮಾಡಿಲ್ಲ. ದಂಡ ಕಟ್ಟುವುದು ಓಡಿಸುವವರೇ, ಬಿದ್ದು ಪೆಟ್ಟು ಮಾಡಿಕೊಳ್ಳುವುದೂ ಅವರೇ. ಓಡುವ ಗಾಡಿಗೆ ಆರ್ಡರ್ ಕಳಿಸಿ ಗಡಿಯಾರ ಓಡಿಸುವ ಆ್ಯಪ್‌ಗಳು ಇದರ ಹೊಣೆ ಹೊರಬೇಕು. ಗಾಡಿ ನಿಂತ ಮೇಲೆ ಮುಂದಿನ ಆರ್ಡರ್ ತೋರಿಸುವುದು ತಂತ್ರಜ್ಞಾನಕ್ಕೆ ಕಷ್ಟದ ಕೆಲಸ ಅಲ್ಲ.

ಅಲ್ಲಿಯವರೆಗೆ ಆಗುವಷ್ಟು ಮಾಡಿ. ಗಟ್ಟಿಯಾದ ಹೋಲ್ಡರ್ ಹಾಕಿಸಿ. ಹೊರಡುವ ಮೊದಲೇ ಕಸ್ಟಮರ್‌ಗೆ ಫೋನ್ ಮಾಡಿ ಗುರುತು ಕೇಳಿಕೊಳ್ಳಿ. ಆಮೇಲೆ ಬರುವ ಕಾಲ್ ಬಿಟ್ಟುಬಿಡಿ, ಗೇಟ್ ಹತ್ತಿರ ನಿಂತು ತೆಗೆಯಿರಿ.

ಊಟಕ್ಕೆ ಕಾಯುತ್ತಿರುವವರಿಗೂ ಒಂದು ಮಾತು. ಮ್ಯಾಪ್‌ನಲ್ಲಿ ಆ ಬೈಕ್ ಚಲಿಸುತ್ತಿರುವುದು ನಿಮಗೆ ಕಾಣುತ್ತಿದೆ. ಆಗ ಫೋನ್ ಮಾಡಿ "ಎಲ್ಲಿದ್ದೀರಾ" ಅಂತ ಕೇಳಬೇಡಿ. ಪೂರ್ತಿ ಅಡ್ರೆಸ್, ಹತ್ತಿರದ ಗುರುತು ಮೊದಲೇ ಬರೆದಿಡಿ.

ಬಸ್ ಡ್ರೈವರ್ ಫೋನಿನಲ್ಲಿ ಮಾತಾಡುತ್ತಿದ್ದರೆ ಪ್ರಯಾಣಿಕರು ಏನು ಮಾಡಬಹುದು?

ಮೊದಲು ಕಂಡಕ್ಟರ್ ಹತ್ತಿರ ಮರ್ಯಾದೆಯಿಂದ ಹೇಳಿ, "ಸಾರ್, ಡ್ರೈವರ್ ಅಣ್ಣನಿಗೆ ಫೋನ್ ಇಡೋಕೆ ಹೇಳಿ". ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ. ಕೇಳದಿದ್ದರೆ ಬಸ್ ನಂಬರ್, ಸಮಯ, ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಬರೆದುಕೊಂಡು ಡಿಪೊಗೆ ಅಥವಾ ನಿಗಮದ ಸಹಾಯವಾಣಿಗೆ ದೂರು ಕೊಡಿ. ಡ್ರೈವರ್ ಜೊತೆ ಓಡುವ ಬಸ್ಸಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಆಗ ಅವರ ಗಮನ ಇನ್ನೂ ಕೆಡುತ್ತದೆ.

ಯಾರೂ ತಡೆಯಲಿಲ್ಲ, ಆದರೂ ಚಲನ್ ಬಂತು. ಹೇಗೆ?

ಕ್ಯಾಮೆರಾ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಿಯಮ ಮುರಿದವರನ್ನು ಕ್ಯಾಮೆರಾದಿಂದಲೇ ಹಿಡಿಯುವ ಐಟಿಎಂಎಸ್ ವ್ಯವಸ್ಥೆ ಶುರುವಾಯಿತು. ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ದಾಟುವುದನ್ನು ಹಿಡಿಯುವ 80 ಕ್ಯಾಮೆರಾ. ಹೆಲ್ಮೆಟ್ ಇಲ್ಲದವರು, ಸೀಟ್‌ಬೆಲ್ಟ್ ಹಾಕದವರ ಜೊತೆಗೆ ಫೋನ್ ಹಿಡಿದವರೂ ಇದರಲ್ಲಿ ಬೀಳುತ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಇಂಥ ಕ್ಯಾಮೆರಾಗಳಿವೆ.

ನೋಟಿಸ್ ಬರುವುದು ಮಾಲೀಕರ ಹೆಸರಿಗೆ. ಆಗ ಓಡಿಸುತ್ತಿದ್ದವರು ಬೇರೆಯವರಾದರೆ ಯಾರು ಅಂತ ತಿಳಿಸುವ ಜವಾಬ್ದಾರಿ ಮಾಲೀಕರದ್ದು. ಫೋಟೊ ನೋಡಿ, ಅದು ನಿಮ್ಮ ಗಾಡಿ ಅಲ್ಲ ಅನಿಸಿದರೆ ಸುಮ್ನೆ ಕಟ್ಟಬೇಡಿ. ಟ್ರಾಫಿಕ್ ಪೊಲೀಸರಿಗೆ ಆಕ್ಷೇಪ ಸಲ್ಲಿಸಬಹುದು, ಒಪ್ಪದಿದ್ದರೆ ಕೋರ್ಟಿಗೆ ಹೋಗಬಹುದು. ಅರ್ಧ ರಿಯಾಯಿತಿ ಬರಲಿ ಅಂತ ಕಾಯುವವರೂ ಇದ್ದಾರೆ. 2023ರಲ್ಲೂ 2025ರಲ್ಲೂ ಸರ್ಕಾರ ಹಳೆಯ ಬಾಕಿಗೆ ಶೇಕಡ 50 ರಿಯಾಯಿತಿ ಕೊಟ್ಟಿತ್ತು ನಿಜ. ಅದನ್ನು ನಂಬಿ ಚಲನ್ ಗುಡ್ಡೆ ಹಾಕಿಕೊಳ್ಳುವುದು ಜಾಣತನ ಅಲ್ಲ.

ವಾಟ್ಸ್‌ಆ್ಯಪ್‌ನಲ್ಲಿ "ನಿಮ್ಮ ಚಲನ್ ನೋಡಿ" ಅಂತ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಒತ್ತಲೇಬೇಡಿ. ಅದು ಬ್ಯಾಂಕ್ ಖಾತೆ ದೋಚುವವರ ಕೆಲಸ. ಪರಿವಾಹನ್ ವೆಬ್‌ಸೈಟ್, ಟ್ರಾಫಿಕ್ ಪೊಲೀಸರ ಆ್ಯಪ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ನೀವೇ ಗಾಡಿ ನಂಬರ್ ಹಾಕಿ ನೋಡಿ.

ಪೊಲೀಸರು ನನ್ನ ಫೋನ್ ಕಿತ್ತುಕೊಂಡು ಒಳಗೆ ನೋಡಬಹುದಾ?

ಈ ತಪ್ಪಿಗೆ ಮೋಟಾರು ವಾಹನ ಕಾಯ್ದೆ ಕೊಡುವ ಅಧಿಕಾರ ಲೈಸೆನ್ಸ್ ಮೇಲೆ. ನಿಮ್ಮ ಮೆಸೇಜ್, ಫೋಟೊ ಓದಿ ಚಲನ್ ಹಾಕುವ ಅಗತ್ಯ ಯಾರಿಗೂ ಇಲ್ಲ. ಅಪಘಾತದಲ್ಲಿ ಯಾರಿಗಾದರೂ ಗಾಯವಾಗಿದ್ದರೆ ಅಥವಾ ಸಾವಾಗಿದ್ದರೆ ಮಾತು ಬೇರೆ. ಆಗ ಅದು ಅಪರಾಧ ತನಿಖೆ. ಫೋನ್ ಸಾಕ್ಷಿಯಾಗಿ ಜಪ್ತಿ ಆಗಬಹುದು, ಕಂಪನಿಯಿಂದ ಕಾಲ್ ವಿವರ ತರಿಸಬಹುದು. ಎಷ್ಟು ಗಂಟೆಗೆ ಕಾಲ್ ನಡೆಯುತ್ತಿತ್ತು ಅನ್ನುವುದು ಅದರಲ್ಲಿ ಇರುತ್ತದೆ.

ಫೋನ್ ಬಳಸುವಾಗ ಅಪಘಾತವಾಗಿ ಯಾರಾದರೂ ಸತ್ತರೆ?

ಭಾರತೀಯ ನ್ಯಾಯ ಸಂಹಿತೆಯ 106(1)ನೇ ಸೆಕ್ಷನ್ ಪ್ರಕಾರ ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಜೈಲು ಮತ್ತು ದಂಡ. 2024ರ ಜುಲೈ 1ಕ್ಕೆ ಮೊದಲಿದ್ದ ಐಪಿಸಿಯಲ್ಲಿ ಇದು ಎರಡು ವರ್ಷ ಇತ್ತು. ಗಾಯಗೊಂಡವರೇ ಅಥವಾ ಸತ್ತವರೇ ಫೋನಿನಲ್ಲಿದ್ದರೆ, ಅವರದ್ದೂ ನಿರ್ಲಕ್ಷ್ಯ ಇತ್ತು ಅಂತ ಸಾಬೀತಾದಷ್ಟು ಮಟ್ಟಿಗೆ ಅಪಘಾತ ಪರಿಹಾರ ಗೊತ್ತು ಮಾಡುವ ನ್ಯಾಯಮಂಡಳಿ ಆ ಮೊತ್ತದಲ್ಲಿ ಕಡಿತ ಮಾಡಬಹುದು. ದುಡಿಯುವ ಮಗನನ್ನು ಕಳೆದುಕೊಂಡ ಮನೆಗೆ ಆ ಕಡಿತ ಎಷ್ಟು ದೊಡ್ಡದು ಯೋಚಿಸಿ.

ತುರ್ತು ಇದ್ದರೆ? ಆಸ್ಪತ್ರೆಯಿಂದ ಫೋನ್ ಬರುತ್ತಿದ್ದರೆ?

ಇಂಡಿಕೇಟರ್ ಹಾಕಿ, ಎಡಕ್ಕೆ ಬಂದು, ಪೂರ್ತಿ ನಿಲ್ಲಿಸಿ ಮಾತಾಡಿ. ಊರೊಳಗೆ ಇದಕ್ಕೆ ಒಂದು ನಿಮಿಷ ಸಾಕು. ಹೆದ್ದಾರಿಯಲ್ಲಿ ಮಾತ್ರ ಎಲ್ಲೆಂದರಲ್ಲಿ ನಿಲ್ಲಿಸಬೇಡಿ, ಹಿಂದಿನಿಂದ ಬಂದು ಗುದ್ದುತ್ತಾರೆ. ಪೆಟ್ರೋಲ್ ಬಂಕ್, ಹೋಟೆಲ್ ಅಥವಾ ಸರ್ವಿಸ್ ರಸ್ತೆ ಸಿಗುವವರೆಗೆ ಹೋಗಿ. ರಸ್ತೆಯಲ್ಲಿ ಅಪಘಾತ ಕಂಡರೂ ಹೀಗೇ. ನಿಲ್ಲಿಸಿ, ಆಮೇಲೆ 112 ಅಥವಾ 108ಕ್ಕೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033.

ಕಾಲ್ ಬರದ ಹಾಗೆ ಮಾಡುವುದು ಹೇಗೆ?

ಐಫೋನ್‌ನಲ್ಲಿ ಡ್ರೈವಿಂಗ್ ಫೋಕಸ್ ಇದೆ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಡ್ರೈವಿಂಗ್ ಮೋಡ್ ಇದೆ. ಇಲ್ಲದಿದ್ದರೆ ಡು ನಾಟ್ ಡಿಸ್ಟರ್ಬ್ ಸಾಕು. ಐಫೋನ್‌ನಲ್ಲಿ ತಾನಾಗಿ ಹೋಗುವ ಉತ್ತರವನ್ನು ಕನ್ನಡದಲ್ಲೇ ಬರೆದಿಡಬಹುದು: "ಗಾಡಿ ಓಡಿಸ್ತಿದ್ದೀನಿ, ತಲುಪಿದ ಮೇಲೆ ಮಾಡ್ತೀನಿ." ಯಾವುದೂ ಬೇಡ ಅನಿಸಿದರೆ ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿಗೆ ಹಾಕಿ, ಬ್ಯಾಗನ್ನು ಹಿಂದಿನ ಸೀಟಿನಲ್ಲೋ ಡಿಕ್ಕಿಯಲ್ಲೋ ಇಡಿ.

ವಿದೇಶದಲ್ಲಿ ಗಾಡಿ ಓಡಿಸುವಾಗ ನಿಯಮ ಬೇರೆಯಾ?

ಹೌದು, ಕೆಲವು ಕಡೆ ಇನ್ನೂ ಬಿಗಿ. ಬ್ರಿಟನ್‌ನಲ್ಲಿ 200 ಪೌಂಡ್ ದಂಡ, ಲೈಸೆನ್ಸ್ ಮೇಲೆ ಆರು ಪೆನಾಲ್ಟಿ ಪಾಯಿಂಟ್ (ತಪ್ಪಿನ ಲೆಕ್ಕ). ಅಲ್ಲಿ ಲೈಸೆನ್ಸ್ ಸಿಕ್ಕಿ ಎರಡು ವರ್ಷ ಆಗದವರಿಗೆ ಆರು ಪಾಯಿಂಟ್ ಅಂದರೆ ಲೈಸೆನ್ಸೇ ಹೋಯಿತು. ಸಿಗ್ನಲ್‌ನಲ್ಲಿ ನಿಂತಿದ್ದರೂ ನಿಯಮ ಅನ್ವಯಿಸುತ್ತದೆ. ಯುಎಇಯಲ್ಲಿ 800 ದಿರ್ಹಂ ಮತ್ತು ನಾಲ್ಕು ಕಪ್ಪು ಪಾಯಿಂಟ್. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಫೋನ್ ಹಿಡಿದವರನ್ನು ಪತ್ತೆ ಮಾಡಲೆಂದೇ 2019ರಿಂದ ಕ್ಯಾಮೆರಾ ಇವೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ, ಹೋಗುವ ಮೊದಲು ಆ ರಾಜ್ಯದ್ದನ್ನು ಓದಿಕೊಳ್ಳಿ.

ನಮ್ಮ ಮನೆಯವರು ಗಾಡಿ ಓಡಿಸುತ್ತಾ ಫೋನ್ ತೆಗೆಯುತ್ತಾರೆ. ಹೇಳಿದರೆ ಕೇಳಲ್ಲ. ಏನು ಮಾಡುವುದು?

ಅವರಿಗೆ ಫೋನ್ ಮಾಡುವವರು ಯಾರು ಅಂತ ಮೊದಲು ನೋಡಿ. ಎಷ್ಟೋ ಸಲ ಅದು ನಾವೇ. ಆಫೀಸು ಬಿಡುವ ಹೊತ್ತಿಗೆ "ಹೊರಟ್ರಾ", ಅರ್ಧ ದಾರಿಯಲ್ಲಿ "ಎಲ್ಲಿದ್ದೀರಾ", ಮನೆ ಹತ್ತಿರ ಬಂದಾಗ "ಬರ್ತಾ ಮೊಸರು ತನ್ನಿ". ಫೋನ್ ತೆಗೆಯದಿದ್ದರೆ ಮತ್ತೆ ಮತ್ತೆ ಮಾಡುತ್ತೇವೆ, ಆಮೇಲೆ ಯಾಕೆ ತೆಗೆಯಲಿಲ್ಲ ಅಂತ ಬೈಯುತ್ತೇವೆ. ತೆಗೆಯುವ ಅಭ್ಯಾಸ ಹುಟ್ಟಿದ್ದು ಆ ಬೈಗುಳದಿಂದ ಕೂಡ.

ಹೊರಡುವ ಮೊದಲು ಅವರೇ ಒಂದು ಮೆಸೇಜ್ ಹಾಕಲಿ. ತಲುಪುವ ಹೊತ್ತಿನವರೆಗೆ ಮನೆಯಿಂದ ಯಾರೂ ಫೋನ್ ಮಾಡಬೇಡಿ. ಆತಂಕ ಆಗುತ್ತದೆ ಅನ್ನುವವರು ಮ್ಯಾಪ್‌ನಲ್ಲಿ ಲೈವ್ ಲೊಕೇಶನ್ ಹಂಚಿಕೊಳ್ಳಲು ಹೇಳಿ, ಅದರಲ್ಲೇ ನೋಡಿಕೊಳ್ಳಿ. ಅವರು ಫೋನ್ ಎತ್ತಿದರೂ ಮೊದಲು "ಓಡಿಸ್ತಿದ್ದೀರಾ?" ಅಂತ ಕೇಳಿ. ಹೌದು ಅಂದರೆ ಬೇರೆ ಏನೂ ಹೇಳದೆ ನೀವೇ ಇಟ್ಟುಬಿಡಿ. ಕಾರಿನಲ್ಲಿ ಜೊತೆಗಿದ್ದರೆ ಅವರ ಫೋನ್ ನಿಮ್ಮ ಕೈಗೆ ತೆಗೆದುಕೊಂಡು ನೀವೇ ಉತ್ತರ ಕೊಡಿ. ಕೆಲಸಕ್ಕೆ ಇಟ್ಟುಕೊಂಡ ಡ್ರೈವರ್ ಇದ್ದರೆ, ಗಾಡಿ ಓಡುವಾಗ ನನ್ನ ಕಾಲ್ ಕೂಡ ತೆಗೆಯಬೇಡ ಅಂತ ಮಾಲೀಕರೇ ಬಾಯಿಬಿಟ್ಟು ಹೇಳಬೇಕು. ಅವರಾಗಿ ಅದನ್ನು ಕೇಳಲು ಹಿಂಜರಿಯುತ್ತಾರೆ.